ಬೇಕರಿ ಮೇಲಿನ ಇಂಗ್ಲಿಷ್

ದೇವನಹಳ್ಳಿಯ ಹಳೇ ಬಸ್ ನಿಲ್ದಾಣದ ಹತ್ತಿರ ಬೇಕರಿಯೊಂದರ ಮಹಡಿಯಲ್ಲಿ ನಾನು ಇಂಗ್ಲಿಷ್ ಮಾತನಾಡಲು ಕಲಿತೆ. ಕಲಿಸಿದವರನ್ನು ಮೇಷ್ಟ್ರು ಎನ್ನಲು ಈಗಲೂ ಮನಸ್ಸು ಬರುವುದಿಲ್ಲ. ಟೈ ಕಟ್ಟುತ್ತಿದ್ದರು, ಅಷ್ಟೆ. ಟೀ ಕುಡಿಯಲು ಕೆಳಗಿಳಿದರೆ ಅದನ್ನು ಸಡಿಲಿಸಿ, 'ಲೇ, ಒಂದ್ ಬನ್ನೂ ಕೊಡ್ಲಾ' ಎನ್ನುತ್ತಿದ್ದರು. ಮೆಟ್ಟಿಲು ಹತ್ತಿ ಬಂದರೆ ಕನ್ನಡವೆಂದರೆ ಮೂಗು ಮುರಿಯುತ್ತಿದ್ದರು.

ನನಗೆ ಬೇಕಿದ್ದದ್ದು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಒಂದು ಕೆಲಸ. ನಮ್ಮೂರು ಆವತಿಯಿಂದ ಅದಕ್ಕೇ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಅಮ್ಮ ಪಾಲಿಹೌಸಿನ ಪ್ಲಾಸ್ಟಿಕ್ ಚಪ್ಪರದಡಿ ಗುಲಾಬಿ ಕೊಯ್ಯುತ್ತಾಳೆ. ಮುಳ್ಳು ಗೀರಿದ ಅವಳ ಕೈ ನೋಡಿದವರು, ನನಗೆ ಬೇರೆ ಕೆಲಸ ಯಾಕೆ ಬೇಕೆಂದು ಕೇಳುವುದಿಲ್ಲ.

'ಫ್ರೇಸಲ್ ವರ್ಬ್ ಬಂದ್ರೆ ಕೆಲ್ಸ ಬಂದಂಗೇ' ಎನ್ನುವುದು ಆ ಟೈ ಕಟ್ಟುವವರ ಮಂತ್ರ. ಕ್ರಿಯಾಪದದ ಬಾಲಕ್ಕೆ ಪುಟ್ಟ ಪದ ಕಟ್ಟಿದರೆ ಅರ್ಥವೇ ಬದಲಾಗುವ ಮಾತುಗಳವು. ಲುಕ್ ಎಂದರೆ ನೋಡು. ಲುಕ್ ಆಫ್ಟರ್ ಎಂದರೆ ಆರೈಕೆ ಮಾಡು, ಲುಕ್ ಇನ್‌ಟು ಎಂದರೆ ವಿಚಾರಿಸು, ಲುಕ್ ಡೌನ್ ಆನ್ ಎಂದರೆ ಕೀಳಾಗಿ ಕಾಣು. ಈ ಕೊನೆಯದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ.

'ನಿಮ್ ಕನ್ನಡದಲ್ಲಿ ಇಂಥ ಸೊಗಸಿಲ್ಲ' ಎಂದು ಒಂದು ದಿನ ಅಂದರು. ನನಗೆ ಮೈಯೆಲ್ಲ ಉರಿಯಿತು.

'ಐತೆ ಸಾರ್. ನೋಡು ಬೇರೆ, ನೋಡ್ಕೋ ಬೇರೆ. ಕೊಡು ಬೇರೆ, ಕೊಟ್ಬಿಡು ಬೇರೆ.'

ಎದುರು ಮಾತಾಡಿದೆನೆಂದು ನನ್ನನ್ನು ತರಗತಿ ಮುಗಿಯುವವರೆಗೆ ನಿಲ್ಲಿಸಿದರು. ನಾನು ನಿಂತೇ ಎಲ್ಲವನ್ನೂ ಬಾಯಿಪಾಠ ಮಾಡಿದೆ. ಮನೆಯಲ್ಲೂ ಅದೇ ಜಪ. 'ಅದೇನೇ ಯಾವಾಗ್ಲೂ ಲುಕ್ಕು ಲುಕ್ಕು ಅಂತೀಯ?' ಎಂದು ಅಮ್ಮ ನಗುತ್ತಿದ್ದಳು.

ಸಂದರ್ಶನಕ್ಕೆ ಅಮ್ಮ ಇಸ್ತ್ರಿ ಮಾಡಿಸಿಟ್ಟಿದ್ದ ಚೂಡಿದಾರ ಹಾಕಿಕೊಂಡು ಹೋದೆ. ಮೇಜಿನಾಚೆ ಕುಳಿತವನು ನನ್ನ ಅರ್ಜಿಯನ್ನು ಮಗುಚಿಯೂ ನೋಡದೆ ಹಿಂದಿಯಲ್ಲಿ ಏನೋ ಕೇಳಿದ. ಸಾಮಾನು ಸಿಗದ ಪ್ರಯಾಣಿಕ ಕೂಗಾಡಿದರೆ ಏನು ಮಾಡುತ್ತೀ ಎಂದಿರಬೇಕು. ಅರ್ಧಂಬರ್ಧ ತಿಳಿಯಿತು.

'ಐ ವಿಲ್ ಲುಕ್ ಇನ್‌ಟು ಇಟ್, ಸರ್' ಎಂದೆ. ಎಷ್ಟು ಚೆನ್ನಾಗಿ ಅಂದೆನೆಂದರೆ ನನಗೇ ಹೆಮ್ಮೆಯಾಯಿತು.

'ಅಂಗ್ರೇಜಿ ಠೀಕ್ ಹೈ. ಹಿಂದಿ?' ಎಂದ.

ಬರುವುದಿಲ್ಲವೆಂದು ತಲೆಯಾಡಿಸಿದೆ. ಅವನು ಬಾಗಿಲ ಕಡೆ ನೋಡಿ ಮುಂದಿನ ಹುಡುಗಿಯನ್ನು ಕರೆದ. ನಮ್ಮ ತಾಲ್ಲೂಕಿನಲ್ಲೇ ಕುಳಿತು, ನಮ್ಮ ಹುಡುಗಿಯರನ್ನೇ ಆರಿಸಲು ಬಂದವನಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಅದನ್ನು ಅವನನ್ನು ಯಾರೂ ಕೇಳಿರಲಿಲ್ಲ.

ಸಿಟ್ಟು ಇಳಿಯುವ ಮೊದಲೇ ಬೇಕರಿಯ ಮೆಟ್ಟಿಲು ಹತ್ತಿದೆ. ಇಷ್ಟು ದಿನ ಬಾಯಿಗೆ ಬಾರದ್ದನ್ನೆಲ್ಲ ಈ ಟೈ ಮಹಾಶಯನ ಮುಂದೆ ಒಗೆದು ಬರುವುದೆಂದು ತೀರ್ಮಾನವಾಗಿತ್ತು. ನಡೆದದ್ದನ್ನು ಹೇಳಿದೆ. ಅವರು ಮುಖ ಸಹ ಗಂಟಿಕ್ಕಲಿಲ್ಲ.

'ಗೊತ್ತಮ್ಮ, ಈಗೀಗ ಎಲ್ಲಾ ಕಡೆ ಅಂಗೇ. ಸೋಮವಾರದಿಂದ ಸ್ಪೋಕನ್ ಹಿಂದಿ ಶುರು ಮಾಡ್ತಿದ್ದೀನಿ' ಎಂದರು.

ಮುಖಕ್ಕೆ ಉಗಿಯಬೇಕೆನಿಸಿತು. ಬಾಯಿಂದ ಹೊರಟಿದ್ದು ಮಾತ್ರ, 'ಎಷ್ಟ್ ಗಂಟೆಗೆ ಸಾರ್?'