ಅಳದ ಹುಡುಗಿಯ ಕೊನೆಯ ಪುಟ

ನಾವು ಚಿಕ್ಕವರಿದ್ದಾಗ ಸಾಗರದಲ್ಲಿ ಕೆಲವು ಹಿರಿಯರು ಸೇರಿ ನಡೆಸುತ್ತಿದ್ದ ಒಂದು ವಾಚನಾಲಯವಿತ್ತು. ಈಗ ಅದಿಲ್ಲ. ಅಲ್ಲಿ ಕಾದಂಬರಿಗಳಿಗೆ ಬೀಗವಿರಲಿಲ್ಲ, ಪತ್ತೇದಾರಿ ಪುಸ್ತಕಗಳಿಗೂ ಇರಲಿಲ್ಲ. ಮಕ್ಕಳ ಪುಸ್ತಕಗಳಿಗೆ ಮಾತ್ರ ಗಾಜಿನ ಕಪಾಟು, ಅದಕ್ಕೊಂದು ಬೀಗ. ಮಕ್ಕಳು ಮುಟ್ಟಿದರೆ ಹಾಳಾಗುತ್ತವೆ ಎಂಬುದು ಮೇಲ್ವಿಚಾರಕರ ವಾದ. ಅವರ ಮಾತು ಸುಳ್ಳಲ್ಲ. ಯಾರೂ ಮುಟ್ಟದ ಆ ಪುಸ್ತಕಗಳು ಮದುವೆಗೆ ಕಾದಿಟ್ಟ ಸೀರೆಗಳಂತೆ ಹೊಸದಾಗಿಯೇ ಇದ್ದವು.

ಆ ಬೀಗ ತೆಗೆಸಿದವಳು ನನ್ನ ಗೆಳತಿ.

ನಮ್ಮಪ್ಪ ಜೋಗದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಕಾಲನಿಯಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡದ್ದು ಅವಳ ಮನೆ. ಅವರ ಮನೆಮಾತು ಮಲಯಾಳ. ಆಚೆಯವರು ತಮಿಳರು, ಈಚೆಯವರು ಉರ್ದು ಮಾತಾಡುವವರು. ನಲ್ಲಿ ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ಬೆಳಿಗ್ಗೆ ನಾಲ್ಕು ಭಾಷೆಗಳಲ್ಲಿ ಜಗಳ ನಡೆಯುತ್ತಿತ್ತು. ನಮಗೆ ನಾಲ್ಕರಲ್ಲೂ ಬೈಗುಳ ಬರುತ್ತಿತ್ತು. ಇದಕ್ಕೆ ‘ವೈವಿಧ್ಯ’ ಎನ್ನುತ್ತಾರೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ನನ್ನದೇ ಪುಸ್ತಕದ ಹಿಂಬದಿಯನ್ನು ಓದಿದಾಗ.

ಗೆಳತಿಗೆ ಪೋಲಿಯೊ ಬಂದು ಒಂದು ಕಾಲು ಸೊರಗಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟುಗಳ ಒಂದು ಕ್ಯಾಲಿಪರ್ ಕಟ್ಟುತ್ತಿದ್ದರು. ಅವಳನ್ನು ನೋಡಿದ ದೊಡ್ಡವರೆಲ್ಲ “ಪಾಪ” ಎನ್ನುತ್ತಿದ್ದರು. ಅವಳಷ್ಟು ಪಾಪವಲ್ಲದ ಪ್ರಾಣಿಯನ್ನು ನಾನು ಕಂಡಿಲ್ಲ. ಲಗೋರಿಯಲ್ಲಿ ತಾನೇ ಅಂಪೈರ್ ಎಂದು ಮೋರಿಕಟ್ಟೆಯ ಮೇಲೆ ಕೂತು, ಹಿಂದಿನ ದಿನ ನೆಲ್ಲಿಕಾಯಿ ಕೊಟ್ಟವರ ಕಡೆಗೇ ತೀರ್ಪು ಕೊಡುತ್ತಿದ್ದಳು. ಚನ್ನೆಮಣೆ ಆಡುವಾಗ ಗುಳಿಗಳಿಂದ ಕದ್ದ ಬೀಜಗಳನ್ನು ಕ್ಯಾಲಿಪರಿನ ಬೆಲ್ಟಿನೊಳಗೆ ತುರುಕಿಡುತ್ತಿದ್ದಳು. ಅಲ್ಲಿ ಹುಡುಕುವ ಧೈರ್ಯ ಯಾರಿಗೂ ಇರಲಿಲ್ಲ. ಪಾಪದ ಹುಡುಗಿಯ ಕಾಲು ನೋಡಿ!

ಅಮ್ಮ ತವರುಮನೆಗೆಂದು ಸಾಗರಕ್ಕೆ ಹೋಗುವಾಗ ನಮ್ಮಿಬ್ಬರನ್ನೂ ಕರೆದೊಯ್ದು ವಾಚನಾಲಯದಲ್ಲಿ ಬಿಟ್ಟು ಹೋಗುತ್ತಿದ್ದಳು. ಮೊದಲ ಸಲ ಮೇಲ್ವಿಚಾರಕರು ಕಪಾಟು ತೆಗೆಯಲಿಲ್ಲ. ಎರಡನೇ ಸಲ ಗೆಳತಿ ಆ ಕಪಾಟಿನ ಮುಂದೆ ಹೋಗಿ ನಿಂತಳು. ಕಬ್ಬಿಣದ ಕಾಲನ್ನು ಸಿಮೆಂಟು ನೆಲಕ್ಕೆ ಕಟ್ ಕಟ್ ಎಂದು ಕುಟ್ಟುತ್ತ, ಗಾಜಿಗೆ ಮೂಗು ಒತ್ತಿಕೊಂಡು ನಿಂತೇ ಇದ್ದಳು. ಪೇಪರ್ ಓದುತ್ತಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಕೊನೆಗೆ ಒಬ್ಬ ಹಿರಿಯರು, “ಪಾಪ, ಎಂತಕ್ಕೆ ಕಾಯಿಸ್ತೀರಿ ಮಾರಾಯ್ರೆ, ತೆಗೆದುಕೊಡಿ” ಎಂದರು. ಬೀಗ ತೆರೆಯಿತು. ನಾನು ಗ್ರಂಥಾಲಯಗಳ ಮೇಲಿನ ಪ್ರೀತಿ ಎಂದು ಇವತ್ತು ಭಾಷಣ ಮಾಡುವುದೆಲ್ಲ ಶುರುವಾದದ್ದು ಆ ಕುಟ್ಟುವ ಸದ್ದಿನಿಂದ.

ಕಪಾಟಿನೊಳಗೆ ಇದ್ದದ್ದು ರಾಜಕುಮಾರರು, ಬೆಳಿಗ್ಗೆ ಬೇಗ ಏಳುವ ಹುಡುಗರು ಮತ್ತು ಸುಳ್ಳು ಹೇಳಿ ಕೆಟ್ಟವರು. ಅಪರೂಪಕ್ಕೆ ಒಬ್ಬ ಕುಂಟ ಹುಡುಗನೂ ಸಿಗುತ್ತಿದ್ದ. ಅವನು ಎಲ್ಲರನ್ನೂ ಪ್ರೀತಿಸುತ್ತಿದ್ದ, ಯಾರಿಗೂ ಎದುರು ಹೇಳುತ್ತಿರಲಿಲ್ಲ. ಗೆಳತಿ ಅಂಥ ಕಥೆಗಳ ಕೊನೆಯ ಪುಟವನ್ನೇ ಮೊದಲು ತೆಗೆಯುತ್ತಿದ್ದಳು. “ಇವ್ನಿಗೆ ಎರಡೇ ದಾರಿ ಕಣೆ. ಕಾಲು ಸರಿ ಆಗ್ಬೇಕು, ಇಲ್ಲ ಸಾಯ್ಬೇಕು” ಎನ್ನುತ್ತಿದ್ದಳು. ಅವಳ ಮಾತು ತಪ್ಪಿದ್ದು ನನಗೆ ನೆನಪಿಲ್ಲ.

ದೊಡ್ಡವಳಾಗಿ ನಾನು ಮೇಷ್ಟರ ಕೆಲಸ ಮಾಡುತ್ತ ಮಕ್ಕಳಿಗಾಗಿ ಬರೆಯತೊಡಗಿದೆ. ಹುಲಿಕಲ್ ಘಾಟಿಯ ಕಾಡಿನಲ್ಲೇ ಹುಟ್ಟಿ ಕತ್ತಲೆಗೆ ಹೆದರುವ ಹುಡುಗನ ಕಥೆ, ಉರ್ದು ಮನೆಯ ಅಜ್ಜಿಗೆ ಕನ್ನಡ ಬೈಗುಳ ಕಲಿಸುವ ಹುಡುಗಿಯ ಕಥೆ, ಹೀಗೆ. ಹೆಚ್ಚಿನವು ಜೋಗದ ಆ ನಲ್ಲಿಯ ಸುತ್ತಲಿಂದಲೇ ಬಂದವು. ಕೆಲವು ವರ್ಷಗಳ ಹಿಂದೆ ಗೆಳತಿಯ ಚನ್ನೆಮಣೆಯ ಕಥೆಯನ್ನೂ ಬರೆದೆ. ನಡೆದದ್ದು ನಡೆದ ಹಾಗೆಯೇ: ಹುಡುಗಿ ಮೋಸ ಮಾಡಿ ಗೆಲ್ಲುತ್ತಾಳೆ, ಊಟಕ್ಕೆ ಹೋಗುತ್ತಾಳೆ. ಮಾರನೇ ದಿನ ಉಳಿದವರೆಲ್ಲ ಜೇಬು, ಲಂಗದ ಮಡಿಕೆಗಳಲ್ಲಿ ಬೀಜ ಬಚ್ಚಿಟ್ಟುಕೊಂಡು ಬರುತ್ತಾರೆ. ಮಣೆಯ ಗುಳಿಗಳು ತುಂಬಿ ತುಳುಕಿ ಆಟವೇ ನಡೆಯುವುದಿಲ್ಲ.

ಬೆಂಗಳೂರಿನ ಪ್ರಕಾಶಕರ ಸಂಪಾದಕಿಗೆ ಕಥೆ ಬಹಳ ಹಿಡಿಸಿತು. ಇಂಥ ಪಾತ್ರಗಳೇ ಈಗ ಬೇಕಾಗಿರುವುದು ಎಂದರು. ಆಮೇಲೆ ಚಿತ್ರಗಳು ಬಂದವು. ಹುಡುಗಿ ಗಾಲಿಕುರ್ಚಿಯಲ್ಲಿ ಕೂತು ಹಲ್ಲು ಬಿಟ್ಟಿದ್ದಳು. ನಮ್ಮ ಕಾಲನಿಯಲ್ಲಿ ಮನೆಯಿಂದ ನಲ್ಲಿಗೆ ಹೋಗಲೂ ಮೆಟ್ಟಿಲು ಇಳಿಯಬೇಕಿತ್ತು, ಅಲ್ಲಿ ಗಾಲಿಕುರ್ಚಿ ಬಿಟ್ಟರೆ ಅದು ನೇರ ಕೊಳ್ಳದಲ್ಲೇ ನಿಲ್ಲುವುದು ಎಂದೆ. ಕ್ಯಾಲಿಪರ್ ಬರೆದರೆ ಮಕ್ಕಳಿಗೆ ಗುರುತು ಸಿಗುವುದಿಲ್ಲ, ಗಾಲಿಕುರ್ಚಿಯಾದರೆ ನೋಡಿದ ತಕ್ಷಣ ಗೊತ್ತಾಗುತ್ತದೆ ಎಂದು ಸಂಪಾದಕಿ ವಿವರಿಸಿದರು. ಇನ್ನೊಂದು ಸಣ್ಣ ವಿಷಯವೂ ಇತ್ತು. ಹುಡುಗಿ ಮೋಸ ಮಾಡಿ ಗೆದ್ದರೆ ಮಕ್ಕಳಿಗೆ ಸಂದೇಶ ಏನು? ಮೊದಲೇ ಅಂಗವಿಕಲೆ, ಮೇಲೆ ಕಳ್ಳಿ ಅಂದರೆ ಅವಮಾನ ಆಗುವುದಿಲ್ಲವೇ? ಎಲ್ಲ ಬಗೆಯ ಮಕ್ಕಳೂ ಪುಸ್ತಕದಲ್ಲಿ ಬರಬೇಕು, ಆದರೆ ಬಂದವರು ನೆಟ್ಟಗೆ ಕೈಕಟ್ಟಿ ಕೂರಬೇಕು ಎಂಬುದು ನನಗೆ ಅರ್ಥವಾಯಿತು.

ಫೋನಿನಲ್ಲಿ ಚೌಕಾಸಿ ನಡೆಯಿತು. ಕ್ಯಾಲಿಪರ್ ಉಳಿಸಿಕೊಳ್ಳಲು ನಾನು ಕಣ್ಣೀರಿಗೆ ಒಪ್ಪಿಕೊಂಡೆ. ಅಚ್ಚಾದ ಪುಸ್ತಕದ ಕೊನೆಯ ಪುಟದಲ್ಲಿ ಹುಡುಗಿ ಬೆಲ್ಟಿನಿಂದ ಬೀಜ ತೆಗೆದಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಗೆಳೆಯರು ಅವಳನ್ನು ಕ್ಷಮಿಸಿ, ಹೆಗಲ ಮೇಲೆ ಹೊತ್ತು ಜಲಪಾತ ತೋರಿಸುತ್ತಾರೆ. ಹುಟ್ಟಿದಾಗಿನಿಂದ ಅದರ ಸದ್ದಿಗೇ ನಿದ್ದೆ ಮಾಡಿದವಳಿಗೆ ಜಲಪಾತ!

ಪುಸ್ತಕದ ಬಿಡುಗಡೆ ಸಾಗರದಲ್ಲೇ ಆಯಿತು. ಮಕ್ಕಳನ್ನು ಜಮಖಾನದ ಮೇಲೆ ಸಾಲಾಗಿ ಕೂರಿಸಿ, ಈಗಿನ ಮಕ್ಕಳು ಓದುವುದಿಲ್ಲ ಎಂದು ಮೂವರು ಗಣ್ಯರು ಮಧ್ಯಾಹ್ನದ ತನಕ ಹೇಳಿದರು. ಪುಸ್ತಕಗಳು ವೇದಿಕೆಯ ಮೇಲೆ ರಿಬ್ಬನ್ ಸುತ್ತಿಸಿಕೊಂಡಿದ್ದರಿಂದ ಮಕ್ಕಳಿಗೆ ಓದಲು ಸಾಧ್ಯವೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಮಾತ್ರ ಒಬ್ಬರು ಓದುತ್ತಿದ್ದರು. ಅದು ನನ್ನ ಗೆಳತಿ. ತೀರ್ಥಹಳ್ಳಿಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಅವಳು ತನ್ನ ಬಗ್ಗೆ ಬರೆದ ಪುಸ್ತಕ ನೋಡಲು ರಜೆ ಹಾಕಿ ಬಂದಿದ್ದಳು. ಬಾಗಿಲಲ್ಲೇ ಒಂದು ಪ್ರತಿ ಇಸಿದುಕೊಂಡಿದ್ದಳಂತೆ.

ಪ್ರಶ್ನೋತ್ತರದಲ್ಲಿ ಯಾರೋ ಸ್ಫೂರ್ತಿ ಎಲ್ಲಿಂದ ಬಂತೆಂದು ಕೇಳಿದರು. ನಾನು ಮನುಷ್ಯರ ಒಳ್ಳೆಯತನ, ಪಶ್ಚಾತ್ತಾಪ ಎಂದೆಲ್ಲ ಹೇಳುತ್ತಿರುವಾಗ ಗೆಳತಿ ಕೋಲೂರಿ ಎದ್ದಳು.

“ಈ ಹುಡುಗಿ ಕೊನೆಗೆ ಯಾಕೆ ಅಳ್ತಾಳೆ?”

ತಪ್ಪಿನ ಅರಿವಾಗಿ ಎಂದೆ. ನನ್ನ ದನಿ ನನಗೇ ಸಂಪಾದಕಿಯ ದನಿಯ ಹಾಗೆ ಕೇಳಿತು.

“ಅವ್ಳು ಅಳ್ಲಿಲ್ಲ. ನಾನೇ ಅವ್ಳು. ಅವತ್ತು ಗೆದ್ದು ಮನೆಗ್ ಹೋಗಿ ಮೀನು ಸಾರು ಊಟ ಮಾಡಿದೀನಿ.”

ಸಭೆಯಲ್ಲಿ ಸಂಚಲನವಾಯಿತು. ಆದರೆ ಅವಳು ಹೇಳಿದ್ದರಲ್ಲಿ ಮೊದಲ ಮಾತು ಮತ್ತು ಕೊನೆಯ ಮಾತು ಯಾರಿಗೂ ಕೇಳಿಸಿದಂತಿರಲಿಲ್ಲ. “ನಾನೇ ಅವ್ಳು” ಮಾತ್ರ ಕೇಳಿಸಿತ್ತು. ಮುಖ್ಯ ಅತಿಥಿಗಳ ಕಣ್ಣು ಒದ್ದೆಯಾಯಿತು. ನನಗೆಂದು ತಂದಿದ್ದ ಶಾಲನ್ನು ಅವಳಿಗೆ ಹೊದಿಸಿದರು. ಫೋಟೊ ತೆಗೆಯುವವನು, ಮೇಡಂ, ಕೋಲು ಕಾಣೋ ಹಾಗೆ ಹಿಡ್ಕೊಳಿ ಎಂದ. ಅವಳು ಕೋಲನ್ನು ಮುಖ್ಯ ಅತಿಥಿಗಳ ಕೈಗೆ ಕೊಟ್ಟು ಫೋಟೊಗೆ ನಿಂತಳು. ಚಿತ್ರದಲ್ಲಿ ಅವರೇ ಊರುಗೋಲು ಹಿಡಿದು ಕಂಗಾಲಾಗಿ ನಿಂತಿದ್ದಾರೆ.

ಆಮೇಲೆ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಅವಳು ನಿಜವಾಗಿ ಸಿಟ್ಟಾಗಿದ್ದಳು.

“ಕಳ್ಳಿ ಅಂತ ಬರ್ದಿದ್ದಕ್ಕೆ ಬೇಜಾರಿಲ್ಲ ಮಾರಾಯ್ತಿ. ಅದು ಹೌದು. ಅವ್ರೆಲ್ಲ ನನ್ನ ಕ್ಷಮಿಸಿದ್ರು ಅಂತ ಬರ್ದಿದೀಯಲ್ಲ, ಅದಕ್ಕೆ ಬೇಜಾರು. ನನ್ನ ಕ್ಷಮಿಸಕ್ಕೆ ಅವ್ರು ಯಾರು?”

ಮುಂದಿನ ಮುದ್ರಣದಲ್ಲಾದರೂ ಬದಲಿಸಿ ಎಂದು ಪ್ರಕಾಶಕರನ್ನು ಕೇಳಿದೆ. ಆ ಕಣ್ಣೀರನ್ನೇ ವಿಮರ್ಶಕರು ಮೆಚ್ಚಿದ್ದಾರೆ, ಈಗ ಒರೆಸುವುದು ಹೇಗೆ ಎಂದರು. ಮುಂದಿನ ಪುಸ್ತಕಕ್ಕೆ ನನ್ನ ಬಾಲ್ಯದಲ್ಲಿ ಕುರುಡ ಹುಡುಗ ಯಾರಾದರೂ ಇದ್ದನೇ, ಸ್ವಲ್ಪ ಲವಲವಿಕೆಯವನು, ಎಂದೂ ವಿಚಾರಿಸಿದರು.

ಗ್ರಂಥಾಲಯದ ಪುಸ್ತಕದಲ್ಲಿ ಗೆರೆ ಎಳೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಶಾಲೆಯಲ್ಲಿ ಅಂಥವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆದರೂ ನನ್ನ ಹಳೆಯ ಕೊನೆಯನ್ನು ಪುಟದ ಅಳತೆಗೆ ಅಚ್ಚು ಹಾಕಿಸಿ, ಅಂಟಿನ ಬಾಟಲಿ ಹಿಡಿದು ಗೆಳತಿಯ ಸೈಡ್ ವೀಲ್ ಸ್ಕೂಟರಿನ ಹಿಂದೆ ಕೂತೆ. ಹೊಸನಗರದ ಕಡೆಯ ಒಂದು ಗ್ರಂಥಾಲಯದಲ್ಲಿ ಪುಸ್ತಕ ತೆಗೆಸಿ, ಮೂಲೆಯ ಮೇಜಿನಲ್ಲಿ ಕೂತು, ಅಳುವ ಪುಟದ ಮೇಲೆ ಅಳದ ಪುಟ ಅಂಟಿಸಿದೆವು. ಅಲ್ಲಿನ ಗ್ರಂಥಪಾಲಕಿ ಹಿಂದೆ ಬಂದು ನಿಂತದ್ದು ಗೊತ್ತೇ ಆಗಲಿಲ್ಲ. ನಾನೇ ಬರೆದವಳು ಎಂದೆ. ಪುಸ್ತಕದ ಹಿಂಬದಿಯ ಫೋಟೊ ನೋಡಿ, ನನ್ನ ಮುಖ ನೋಡಿ, ಫೋಟೊ ಬಹಳ ಹಳೆಯದು ಎಂದರು. ಆಮೇಲೆ ಎರಡೂ ಕೊನೆಗಳನ್ನು ಓದಿದರು.

“ಮುಂಚಿಂದು ಓದಿದ್ ಮಕ್ಳು ಸುಮ್ನೆ ವಾಪಸ್ ಕೊಟ್ಟು ಹೋಗ್ತಿದ್ವು. ಅಂಟ್ಸಿ, ನೋಡಣ” ಎಂದು ಒತ್ತಿ ಹಿಡಿಯಲು ಒಂದು ದಪ್ಪ ನಿಘಂಟು ತಂದುಕೊಟ್ಟರು.

ತೀರ್ಥಹಳ್ಳಿಯಲ್ಲಿ ಅಷ್ಟು ಸಲೀಸಾಗಲಿಲ್ಲ. ಗೆಳತಿ ಸದಸ್ಯೆಯಾಗಿದ್ದ ಖಾಸಗಿ ವಾಚನಾಲಯದ ಪ್ರತಿಗೆ ಅವಳೊಬ್ಬಳೇ ಹೋಗಿ ಅಂಟಿಸಿಬಂದಳು. ಅದನ್ನು ಓದಿದ ಪೋಷಕರೊಬ್ಬರು, ಇದು ಮಕ್ಕಳಿಗೆ ಕಳ್ಳತನ ಕಲಿಸುತ್ತದೆ ಎಂದು ದೂರಿದರು. ಸಮಿತಿಯವರು ಸಭೆ ಸೇರಿದರು. ಸಭೆಯಲ್ಲಿ ಪುಸ್ತಕ ಓದಿದ್ದವರು ಯಾರೂ ಇರಲಿಲ್ಲವಾದ್ದರಿಂದ ನಿರ್ಣಯ ಬೇಗ ಆಯಿತು: ಹಾಳು ಮಾಡಿದ ಸದಸ್ಯೆ ಬದಲಿ ಪ್ರತಿ ತಂದುಕೊಡಬೇಕು. ಅವಳು ತಂದುಕೊಟ್ಟಳು. ಹೊಸ ಪ್ರತಿಯಲ್ಲಿ ಹುಡುಗಿ ಯಥಾಪ್ರಕಾರ ಅಳುತ್ತಾಳೆ, ಎಲ್ಲರಿಗೂ ಸಮಾಧಾನವಾಗಿದೆ.

ಕೆಟ್ಟುಹೋದ ಪ್ರತಿಯನ್ನು ಅವಳಿಗೇ ಕೊಟ್ಟು ಕಳಿಸಿದರು. ಅವಳು ಅದನ್ನು ಬ್ಯಾಂಕಿನ ಕೌಂಟರಿನಲ್ಲಿಟ್ಟುಕೊಂಡು, ಮಕ್ಕಳಿರುವ ಗಿರಾಕಿ ಕಂಡರೆ ಸಾಕು ಕೊಟ್ಟು ಕಳಿಸುತ್ತಿದ್ದಳು. ಅದು ಮನೆಯಿಂದ ಮನೆಗೆ ಓಡಾಡಿ, ರಟ್ಟು ಕಿತ್ತು, ಈಗ ಮೇಗರವಳ್ಳಿಯ ಟೀಚರೊಬ್ಬರ ಹತ್ತಿರ ಇದೆ. ಬಹಳ ದಿನವಾಯಿತು, ವಾಪಸ್ ಬಂದಿಲ್ಲ. ಫೋನ್ ಮಾಡಿದರೆ ಮಕ್ಕಳು ಬಿಡುತ್ತಿಲ್ಲ ಎನ್ನುತ್ತಾರಂತೆ. ಆ ಟೀಚರೇ ಬಚ್ಚಿಟ್ಟುಕೊಂಡಿದ್ದಾರೆ ಎಂದು ಗೆಳತಿಗೆ ಅನುಮಾನ. ಬರುವ ಭಾನುವಾರ ಹೋಗಿ ಕೇಳುತ್ತೇನೆ ಎಂದಿದ್ದಾಳೆ.