ಸೊಲ್ಲಾಪುರದ ಕಡೆ ತಿರುಗಿದ ಆಂಟೆನಾ

ಬಾಜೂ ಮನೆಯ ಕಾಕಾ ಅವರ ಎರಡೂ ಮುಂಗೈ ತುಂಬ ಲಿಂಬೆಮುಳ್ಳಿನ ಗೀರುಗಳಿದ್ದವು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಆ ಗೀರಿನ ಮೇಲೆ ಲಿಂಬೆಯ ರಸ ಬಿದ್ದರೆ ನಮಗಾದರೆ ಪ್ರಾಣ ಹೋದಂತಾಗುತ್ತಿತ್ತು, ಅವರು ಹುಬ್ಬು ಕೂಡ ಗಂಟಿಕ್ಕುತ್ತಿರಲಿಲ್ಲ. ಬೆಳಿಗ್ಗೆ ತೋಟಗಳಲ್ಲಿ ಕಾಯಿ ಕೀಳುವುದು, ಮಧ್ಯಾಹ್ನ ನಮ್ಮ ಇಂಡಿ ಊರಿನ ದಲ್ಲಾಳಿಯೊಬ್ಬರ ಅಡತಿ ಅಂಗಡಿಯಲ್ಲಿ ಕೂತು ಅವನ್ನು ಆರಿಸಿ ಚೀಲ ತುಂಬುವುದು, ಇಷ್ಟೇ ಅವರ ಉದ್ಯೋಗ. ಅವರು ಓಣಿಗೆ ಕಾಲಿಟ್ಟರೆ ಮೊದಲು ಲಿಂಬೆಯ ವಾಸನೆ ಬರುತ್ತಿತ್ತು, ಆಮೇಲೆ ಅವರು ಬರುತ್ತಿದ್ದರು. ಎದುರಿಗೆ ಸಿಕ್ಕವರ ಕೈಯಲ್ಲಿ ಒಂದು ಹಣ್ಣು ಇಟ್ಟು, "ಮೂಸಿ ನೋಡು" ಎನ್ನುತ್ತಿದ್ದರು. ಅವರ ಪ್ರೀತಿಯೂ ಅಷ್ಟೇ, ಮಾತೂ ಅಷ್ಟೇ.

ಆ ಮನೆಯ ಮಾತೆಲ್ಲ ಅವರ ಅಕ್ಕನ ಪಾಲಿಗೆ ಬಂದಿತ್ತು. ಓಣಿಗೆಲ್ಲ ಆಕೆ ಅಕ್ಕವ್ವ. ಗಂಡನ ಮನೆಯಲ್ಲಿ ಬಾಳುವೆ ಆಗದೆ ಸಣ್ಣ ವಯಸ್ಸಿನಲ್ಲೇ ತವರಿಗೆ ಬಂದವರು. ತಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ಕೂಸನ್ನು ಬಗಲಿಗೇರಿಸಿಕೊಂಡವರು ಮತ್ತೆ ಇಳಿಸಲೇ ಇಲ್ಲ. ಆ ಕೂಸೇ ನಮ್ಮ ಕಾಕಾ. ಆಡುತ್ತ ಆಡುತ್ತ ಕೂಸು ಒಂದು ದಿನ ಆಕೆಯ ಎಡಗಿವಿಯ ಬೆಂಡೋಲೆ ಹಿಡಿದು ಜಗ್ಗಿತ್ತಂತೆ. ಹಾಲೆ ಹರಿದು ಎರಡು ಸೀಳಾಯಿತು, ಮತ್ತೆ ಕೂಡಿಕೊಳ್ಳಲೇ ಇಲ್ಲ. ಅಕ್ಕವ್ವ ಅದನ್ನು ಮುಚ್ಚಿಡುವ ಪೈಕಿ ಅಲ್ಲ. ಹೊಸಬರು ಯಾರೇ ಬರಲಿ, ಸೆರಗು ಸರಿಸಿ ಕಿವಿ ತೋರಿಸಿ, "ನೋಡ್ರಿ, ಇಂವಗ ಇನ್ನಾ ಹಲ್ಲು ಬಂದಿರಲಿಲ್ಲ, ಆಗೇ ನನ್ನ ಕಿವಿ ಹರದಾನ. ದೊಡ್ಡಂವ ಆದ ಮ್ಯಾಲ ಏನೇನ ಮಾಡ್ತಾನೋ ಅಂತ ಹೆದರಿದ್ದೆ, ಏನೂ ಮಾಡಲಿಲ್ಲ ನೋಡ್ರಿ, ಸುಮ್ಮನ ಕುಂತಾನ" ಎಂದು ನಗುತ್ತಿದ್ದರು. ಬಿಳಿ ಮೀಸೆಯ ಕಾಕಾ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು.

ಈಗ ನಮ್ಮ ಓಣಿಯ ಟಿವಿಗಳ ಸಂಗತಿ ಹೇಳಬೇಕು. ತೊಂಬತ್ತರ ದಶಕದ ಇಂಡಿಯಲ್ಲಿ ಎರಡು ಕಡೆಯಿಂದ ಚಿತ್ರ ಬರುತ್ತಿತ್ತು. ದಕ್ಷಿಣಕ್ಕೆ ಬಿಜಾಪುರದ ಗೋಪುರ, ಅದರಲ್ಲಿ ಸಂಜೆ ಕನ್ನಡ. ಉತ್ತರಕ್ಕೆ ಸೊಲ್ಲಾಪುರದ ಗೋಪುರ, ಅದರಲ್ಲಿ ಮರಾಠಿ. ನಮ್ಮ ದುರ್ದೈವವೋ ಏನೋ, ನಮ್ಮದೇ ಭಾಷೆಯ ಚಿತ್ರದ ತುಂಬ ಚುಕ್ಕಿ, ಪರಭಾಷೆಯ ಚಿತ್ರ ತೊಳೆದಿಟ್ಟ ಹಾಗೆ ಸ್ವಚ್ಛ. ಹಾಗಾಗಿ ಎಲ್ಲರ ಆಂಟೆನಾಗಳೂ ಸೊಲ್ಲಾಪುರಕ್ಕೆ ಮುಖ ಮಾಡಿ ನಿಂತಿದ್ದವು. ಅರ್ಥವಾಗದಿದ್ದರೂ ಕಾಣುತ್ತದಲ್ಲ ಎಂಬ ಸಮಾಧಾನ. ಕನ್ನಡ ಬೇಕೆಂದರೆ ಒಬ್ಬರು ಮಾಳಿಗೆ ಹತ್ತಿ ಪೈಪು ತಿರುವಬೇಕು, ಇನ್ನೊಬ್ಬರು ಕೆಳಗೆ ಟಿವಿ ಮುಂದೆ ನಿಂತು ಚಾವಣಿಯ ಬೆಳಕಿಂಡಿಗೆ ಬಾಯಿಕೊಟ್ಟು ಕೂಗಬೇಕು. "ಬಂತು! ಬಂತು! ಹೋತು! ಹಿಂದಕ ಬಾ!" ನಮ್ಮ ಮನೆಯಲ್ಲಿ ಅಪ್ಪ ಮೇಲೆ, ಅವ್ವ ಕೆಳಗೆ. ಅಪ್ಪನಿಗೆ ಹೀಗೆ ಗಟ್ಟಿಯಾಗಿ ಹೇಳುವ ಅವಕಾಶ ಅವ್ವನಿಗೆ ಬೇರೆ ಹೊತ್ತಿನಲ್ಲಿ ಸಿಗುತ್ತಿರಲಿಲ್ಲ, ಹಾಗಾಗಿ ಆಕೆ ಚಿತ್ರ ಸರಿ ಬಂದ ಮೇಲೂ ಒಂದಿಷ್ಟು ಕೂಗುತ್ತಿದ್ದಳು.

ಅಕ್ಕವ್ವ ಪ್ರತಿವರ್ಷ ಆಷಾಢದಲ್ಲಿ ಭಜನೆ ಮಾಡುತ್ತ ಯಾತ್ರೆ ಹೊರಡುವ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದುಕೊಂಡು ಹೋಗುತ್ತಿದ್ದರು. ಆ ವರ್ಷ ಆಕೆಗೆ ಮರೆವು ಸುರುವಾಗಿತ್ತು. ಒಲೆಯ ಮೇಲೆ ಪಾತ್ರೆ ಇಟ್ಟು ನಮ್ಮ ಮನೆಗೆ ಬಂದು ಕೂತುಬಿಡುವರು. ಬೇಡವೆಂದರೆ ಕೇಳುವ ಜೀವವಲ್ಲ. ದಿಂಡಿಯವರೂ, "ನಾವ ಅದೇವಿ, ಕರಕೊಂಡ ಬರ್ತೇವಿ" ಎಂದರು. ಏಕಾದಶಿಯ ದಿನ ನದಿಯ ದಂಡೆಯ ಗದ್ದಲದಲ್ಲಿ ಆಕೆ ತಪ್ಪಿಸಿಕೊಂಡರು. ದಿಂಡಿಯವರು ಹುಡುಕಿ ಸುಸ್ತಾಗಿ ಊರಿಗೆ ಬಂದರು. ಕಾಕಾ ಹೋಗಿ ಘಾಟು, ಮಠ, ಧರ್ಮಶಾಲೆ, ಆಸ್ಪತ್ರೆ ಎಲ್ಲ ತಿರುಗಿದರು. ಆಕೆಗೆ ಮರಾಠಿ ಬಾರದು, ಊರಿನ ಹೆಸರು ಕೂಡ ಒಮ್ಮೊಮ್ಮೆ ಮರೆಯುತ್ತಿತ್ತು. ಕೊನೆಗೆ ಕಾಕಾ ಒಬ್ಬರೇ ಬಸ್ಸಿನಿಂದ ಇಳಿದು ಬಂದರು.

ಟಿವಿಯಲ್ಲಿ ಕಾಣೆಯಾದವರ ಪ್ರಕಟಣೆ ಕೊಡಿಸುವ ಯೋಚನೆ ನಮ್ಮ ಅಪ್ಪನದು. ಅರ್ಜಿ ಕೊಟ್ಟದ್ದಾಯಿತು. ಫೋಟೋ ಎಂದರೆ ಕಾಕಾನ ಮಗನ ಮದುವೆಯ ಗುಂಪಿನ ಫೋಟೋ ಒಂದೇ ಇತ್ತು. ಅದರಲ್ಲಿ ಅಕ್ಕವ್ವ ಎಂದೂ ಇಲ್ಲದ ಮರ್ಯಾದೆಯಿಂದ ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದು ಕೂತಿದ್ದರು. ಅಷ್ಟು ಮುಖವನ್ನೇ ಕತ್ತರಿಸಿ ಕಳಿಸಿದರು. ಯಾವತ್ತು ತೋರಿಸುತ್ತಾರೆ ಎಂದು ಯಾರೂ ಹೇಳಲಿಲ್ಲ. ಸಂಜೆ ಕನ್ನಡ ವಾರ್ತೆಯ ಆಸುಪಾಸು ಬರುತ್ತದೆ, ನೋಡುತ್ತಿರಿ ಎಂದಷ್ಟೇ ತಿಳಿಯಿತು.

ಮಾತೇ ಆಡದ ಕಾಕಾ ಅಂದು ಮನೆಮನೆಗೆ ಹೋದರು. ಬಾಗಿಲಲ್ಲಿ ನಿಂತು ಟೊಪ್ಪಿಗೆ ತೆಗೆದು, "ಸಂಜೀಕ ಒಂದ ತಾಸು ಬಿಜಾಪುರದ ಕಡೀ ತಿರವ್ರಿ. ನಮ್ಮ ಅಕ್ಕ ಬರಾಕಿ ಅದಾಳ" ಎಂದು ಕೇಳಿಕೊಂಡರು. ಅಕ್ಕವ್ವನೇ ಬಸ್ಸಿನಿಂದ ಇಳಿದು ಬರುತ್ತಾರೆ ಎಂಬಂತಿತ್ತು ಆ ಮಾತು. ಇಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು? ಅವತ್ತಿನಿಂದ ದಿನಾ ಸಂಜೆ ಮಾಳಿಗೆಗಳ ಮೇಲೆ ಒಬ್ಬೊಬ್ಬರು ಕಾಣಿಸಿಕೊಳ್ಳುತ್ತಿದ್ದರು. ಇಡೀ ಓಣಿಯ ಆಂಟೆನಾಗಳು ದಕ್ಷಿಣಕ್ಕೆ ತಿರುಗುತ್ತಿದ್ದವು, ಇಡೀ ಓಣಿಯ ಬೆಳಕಿಂಡಿಗಳಿಂದ "ಬಂತು, ಹೋತು" ಕೇಳಿಸುತ್ತಿತ್ತು. ಮರಾಠಿ ಧಾರಾವಾಹಿಗೆ ಒಗ್ಗಿಹೋಗಿದ್ದ ನಮ್ಮ ಅವ್ವ ಕೂಡ ಚಕಾರ ಎತ್ತಲಿಲ್ಲ. ಕಾಕಾನ ಮನೆಯಲ್ಲಿ ಟಿವಿ ಇರಲಿಲ್ಲ. ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಚುಕ್ಕಿಗಳನ್ನೇ ನೋಡುತ್ತಿದ್ದರು.

ಶ್ರಾವಣದ ಒಂದು ಸಂಜೆ ಪ್ರಕಟಣೆ ಬಂತು. ಕಾಣಿಸಿದ್ದು ಚುಕ್ಕಿಗಳ ನಡುವೆ ಸೆರಗಿನ ಒಂದು ಬಿಳಿ ಅಂಚು, ಅದರೊಳಗೆ ಮುಖ ಇರಬೇಕಾದಲ್ಲಿ ಒಂದು ಬೂದು ಬಣ್ಣದ ಕಲೆ. ದನಿ ಮಾತ್ರ ಸ್ಪಷ್ಟವಾಗಿತ್ತು. ವಯಸ್ಸು, ಎತ್ತರ, ಉಟ್ಟಿದ್ದ ಹಸಿರು ಸೀರೆ ಎಲ್ಲ ಹೇಳಿ, ಕೊನೆಗೆ, "ಗುರುತು, ಎಡಗಿವಿಯ ಹಾಲೆ ಹರಿದಿದೆ" ಎಂದು ಓದಿದರು. ಕಾಕಾ ತಮ್ಮ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. ಪ್ರಕಟಣೆ ಮುಗಿಯಿತು. ಓಣಿಯೆಲ್ಲ ನಮ್ಮ ಮನೆಗೆ ನುಗ್ಗಿತು. "ಬಂತಲ್ರಿ ಕಾಕಾ! ಇನ್ನ ಸಿಕ್ಕಂಗ ಆತು ಬಿಡ್ರಿ!" ಅವ್ವ ಚಹಾ ಕಾಯಿಸಿದಳು, ಯಾರೋ ಚುರಮುರಿ ತಂದರು. ನಾವೆಲ್ಲ ಸಂತೋಷಪಟ್ಟೆವು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಆಗ ಬಿ.ಎ. ಮುಗಿಸಿ, ಬಂದ ಗಂಡುಗಳಿಗೆಲ್ಲ ಉಪ್ಪಿಟ್ಟು ಕೊಡುವ ಉದ್ಯೋಗದಲ್ಲಿದ್ದೆ. ಆ ಗದ್ದಲದ ನಡುವೆ ಒಣಹಾಕಿದ ಬಟ್ಟೆ ತರಲು ಮಾಳಿಗೆ ಹತ್ತಿದರೆ ಕಾಕಾ ಅಲ್ಲಿದ್ದರು. ಆಂಟೆನಾವನ್ನು ಮತ್ತೆ ಸೊಲ್ಲಾಪುರಕ್ಕೆ ತಿರುಗಿಸಿಕೊಡುವುದು ಅವರೇ ಹಚ್ಚಿಕೊಂಡ ಕೆಲಸ. ಪೈಪು ಅರ್ಧ ತಿರುಗಿ ನಿಂತಿತ್ತು, ಕಾಕಾ ಉತ್ತರದ ಕಡೆ ನೋಡುತ್ತಿದ್ದರು.

"ಏನಾತ್ರಿ ಕಾಕಾ?" ಎಂದೆ.

"ಆಕಿ ಕಳದದ್ದು ಎಲ್ಲಿ ಯವ್ವಾ?"

"ಪಂಢರಪುರದಾಗ."

"ಹೌದಲ್ಲ? ಅದು ಈ ಕಡೀ ಐತಿ. ನಾವು ಓಣಿ ಓಣಿನೇ ಆ ಕಡೀ ಬೆನ್ನ ಮಾಡಿ ಕುಂತ ಆಕೀ ಮಾರಿ ನೋಡಿದ್ವಿ. ನಮಗ ಆಕೀ ಮಾರಿ ಗೊತ್ತಿರಲಿಲ್ಲೇನು?" ಎಂದರು. ಪೈಪಿಗೆ ಕೈ ಹಚ್ಚಿ, "ನೋಡಬೇಕಾದವರು ಮರಾಠಿ ನೋಡಾಕತ್ತಾರ" ಎಂದರು.

ಇಷ್ಟು ಮಂದಿ ಓದಿದವರು, ತಿಳಿದವರು ಇದ್ದ ಓಣಿಯಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಆ ಸೀಮೆಯಲ್ಲಿ ಕನ್ನಡ ಮಾತಾಡುವ ಮನೆಗಳಿಗೇನೂ ಕೊರತೆಯಿಲ್ಲ, ಆದರೆ ಬಿಜಾಪುರದ ಕನ್ನಡ ನಮ್ಮ ಇಂಡಿಗೇ ಕುಂಟುತ್ತ ಬರುತ್ತಿತ್ತು, ಭೀಮಾ ನದಿ ದಾಟಿ ಅಲ್ಲಿಗೆಲ್ಲಿ ಹೋದೀತು? ಟಿವಿಯಲ್ಲಿ ಬಂತು ಎಂದರೆ ಜಗತ್ತಿಗೇ ಬಂತು ಎಂದು ನಾವು ತಿಳಿದಿದ್ದೆವು. ಕೆಳಗೆ ಇನ್ನೂ ಚಹಾ ಕುಡಿಯುತ್ತ ನಗುತ್ತಿದ್ದರು. ಕಾಕಾ ಯಾರಿಗೂ ಏನೂ ಹೇಳಬೇಡ ಎಂದು ಕೈ ಅಲ್ಲಾಡಿಸಿ ಪೈಪನ್ನು ಪೂರ್ತಿ ತಿರುಗಿಸಿದರು.

ಆಮೇಲೆ ಮರಾಠಿಯಲ್ಲಿ ಪ್ರಕಟಣೆ ಕೊಡಿಸಲು ಅವರು ಪಟ್ಟ ಪಾಡು ಹೇಳಿ ಮುಗಿಯುವುದಿಲ್ಲ. ಈ ರಾಜ್ಯದವರು ಕಳೆದ ಜಾಗದಲ್ಲಿ ಕೇಳಿ ಎಂದರು, ಆ ರಾಜ್ಯದವರು ನಿಮ್ಮ ಊರಿನಿಂದ ಬರಲಿ ಎಂದರು. ಯಾರೂ ಕೆಟ್ಟವರಲ್ಲ. ಕೂಡ್ರಿಸಿ ನೀರು ಕೊಟ್ಟು, ಆಗುವುದಿಲ್ಲ ಎಂದು ಹೇಳುತ್ತಿದ್ದರು. ಬಹಳ ತಿರುಗಾಟದ ಮೇಲೆ ಯಾರೋ ಒಬ್ಬರು "ಹಾಕಿಸೋಣ" ಎಂದರಂತೆ. ಆ ಒಂದು ಮಾತನ್ನು ಹಿಡಿದುಕೊಂಡು ಬಂದ ಕಾಕಾ ಒಂದು ಹಳೆಯ ಟಿವಿ ಸಂಪಾದಿಸಿ, ತಮ್ಮ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ, ಸೊಲ್ಲಾಪುರದ ಕಡೆಗೆ ತಿರುಗಿಸಿ, ಗಾಳಿಗೂ ಅಲುಗದಂತೆ ದಪ್ಪ ತಂತಿಯಿಂದ ಬಿಗಿದರು. ಅವರ ಮನೆಯಲ್ಲಿ ಕನ್ನಡ ಮುಗಿಯಿತು. ಮರಾಠಿ ಸೀಮೆಯಿಂದ ಬಂದ ಅಜ್ಜಿಯ ದೆಸೆಯಿಂದ ನನಗೆ ಅಷ್ಟಿಷ್ಟು ಮರಾಠಿ ಬರುತ್ತಿತ್ತು. ಯಾವುದಾದರೂ ಮುಖ ತುಸು ಹೆಚ್ಚು ಹೊತ್ತು ನಿಂತರೆ, "ಯವ್ವಾ, ಇಲ್ಲಿ ಬಾ, ಏನಂತಾರ ಕೇಳು" ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದರು. ಓಡಿ ಹೋದರೆ ಅದು ಯಾರೋ ಮಂತ್ರಿಯದೋ, ಸೋಪಿನ ಜಾಹೀರಾತಿನದೋ ಆಗಿರುತ್ತಿತ್ತು. ನಾನು ಹೇಳಿದರೆ, "ಇರಲಿ, ನಾಳೆ ಬರತೈತಿ" ಎನ್ನುತ್ತಿದ್ದರು. ಮರಾಠಿಯಲ್ಲಿ ಆ ಪ್ರಕಟಣೆ ಬಂತೋ, ನಾವು ನೋಡದಾಗ ಬಂದು ಹೋಯಿತೋ, ಬರಲೇ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೆ ಸೊಲ್ಲಾಪುರದ ಗಂಡೇ ನಿಶ್ಚಯವಾಯಿತು. ಹೊರಡುವ ದಿನ ಓಣಿಯವರೆಲ್ಲ ಉಡಿ ತುಂಬಿದರು. ಕಾಕಾ ಕೊನೆಯವರಾಗಿ ಬಂದು ಕೈಯಲ್ಲಿ ಲಿಂಬೆಹಣ್ಣು ಇಟ್ಟರು. ಮೂಸಿ ನೋಡು ಎನ್ನಲಿಲ್ಲ.

"ನೀ ಈಗ ಆ ಕಡೀ ಹೊಂಟಿ. ಬಸ್‌ಸ್ಟ್ಯಾಂಡಿನ್ಯಾಗ, ಗುಡಿ ಮುಂದ ಮುದುಕೇರ ಕುಂತಿರ್ತಾರ. ಒಂದೀಟ ಎಡಗಿವಿ ನೋಡವ್ವ" ಎಂದರು.

"ನೋಡ್ತೇನ್ರಿ ಕಾಕಾ" ಎಂದೆ. ಮದುಮಗಳ ಅಳುವಿನಲ್ಲಿ ನನ್ನ ಈ ಅಳುವೂ ಸೇರಿಹೋಯಿತು, ಯಾರಿಗೂ ಬೇರೆಯಾಗಿ ತಿಳಿಯಲಿಲ್ಲ.

ಪ್ರತಿ ಸಲ ತವರಿಗೆ ಹೋದಾಗಲೂ ಅವರು ನನ್ನ ಮುಖ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ಹೊಸ ಶತಮಾನ ಬಂದ ಮೇಲೆ ಓಣಿಗೆ ಕೇಬಲ್ ಬಂತು, ಆಮೇಲೆ ಡಿಶ್ ಬಂತು. ಎಲ್ಲರ ಮನೆಯಲ್ಲೂ ಕನ್ನಡ ಮರಾಠಿ ಎರಡೂ ಥಳಥಳ ಹೊಳೆಯತೊಡಗಿದವು. ಆಂಟೆನಾಗಳು ಇಳಿದವು. ಕೆಲವರು ಆ ಪೈಪುಗಳನ್ನು ಬಟ್ಟೆ ಒಣಹಾಕಲು ಬಳಸಿಕೊಂಡರು, ಉಳಿದವು ಗುಜರಿಗೆ ಹೋದವು. ಕಾಕಾನ ಮಗನೂ ಡಿಶ್ ಹಾಕಿಸಿದ, ಆದರೆ ಹಳೆಯ ಆಂಟೆನಾ ಮುಟ್ಟಲು ಕಾಕಾ ಬಿಡಲಿಲ್ಲ. "ನಿಮ್ಮದು ನಿಮಗ ಇರಲಿ. ನನ್ನದು ತಗೀಬ್ಯಾಡ್ರಿ" ಎಂದು ಮೂಲೆಯಲ್ಲಿ ಆ ಹಳೆಯ ಟಿವಿಯ ಮುಂದೆ ಕೂತಿರುತ್ತಿದ್ದರು. ಕೊನೆಕೊನೆಗೆ ಕಣ್ಣು ಮಂಜಾಗಿತ್ತು. ಪ್ರಕಟಣೆ ಬಂದಿದ್ದರೂ ಅವರಿಗೆ ಕಾಣುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಅವ್ವ ಫೋನು ಮಾಡಿ ಕಾಕಾ ಹೋದರು ಎಂದಳು. ನಾನು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮಾಳಿಗೆ ಹತ್ತಿ ನೋಡಿದೆ. ಆಂಟೆನಾದ ಅರ್ಧ ಕಡ್ಡಿಗಳು ಉದುರಿದ್ದವು, ತಂತಿ ತುಕ್ಕು ಹಿಡಿದಿತ್ತು, ಮುಖ ಮಾತ್ರ ಸೊಲ್ಲಾಪುರದ ಕಡೆಗೇ ಇತ್ತು. ಕಾಕಾನ ಮಗ ಹಿಂದೆ ಬಂದು ನಿಂತು, "ಇನ್ನ ತಗೀಲೇನವ್ವಾ ಇದನ್ನ?" ಎಂದ. ಅವನಿಗೆ ಯಾರನ್ನಾದರೂ ಕೇಳಬೇಕಿತ್ತು. ತೆಗಿ ಎಂದೆ. ಬಿಗಿದ ತಂತಿ ಬಿಚ್ಚಲು ಬರಲಿಲ್ಲ, ಕತ್ತರಿಸಬೇಕಾಯಿತು.

ಸೊಲ್ಲಾಪುರದಲ್ಲಿ ನಾನು ಈಗಲೂ ಬಸ್‌ಸ್ಟ್ಯಾಂಡಿಗೆ ಹೋದರೆ, ಗುಡಿಗೆ ಹೋದರೆ, ಗೋಡೆಗೆ ಒರಗಿ ಕೂತ ಮುದುಕಿಯರ ಎಡಗಡೆಗೆ ಹೋಗಿ ನಿಲ್ಲುತ್ತೇನೆ. ಸೆರಗು ಸರಿಯುವ ತನಕ ಕಾಯುತ್ತೇನೆ. ಅಕ್ಕವ್ವ ಇದ್ದಿದ್ದರೆ ಈಗ ನೂರು ದಾಟಿರುತ್ತಿತ್ತು, ಅಂದರೆ ಬದುಕಿರಲಾರರು. ಇದು ನನಗೆ ಚೆನ್ನಾಗಿ ಗೊತ್ತು. ಸಾಕು ಬಿಡವ್ವ ಎಂದು ನನಗೆ ಹೇಳಬಹುದಾಗಿದ್ದವರು ಕಾಕಾ ಒಬ್ಬರೇ, ಅವರು ಹೇಳದೆ ಹೋದರು.