ರತೀಶನ ಬೈಕಿನ ಹಾರ

ನಮ್ಮ ಲ್ಯಾಬಿನಲ್ಲಿ ಹಲ್ಲು ಮಾಡುತ್ತೇವೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಹಿಂದೆ, ಮಾಳಿಗೆಯ ಮೇಲೆ ಒಂದೇ ಕೋಣೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಸೆಟ್ಟು ಮಾಡಿ ಕೊಡುತ್ತೇವೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಲ್ಲು ನಮ್ಮ ಜವಾಬ್ದಾರಿ, ಕಡಲೆ ಅವರೇ ನೋಡಿಕೊಳ್ಳಲಿ. ನಾನು ಪದ್ಮಾಕ್ಷಿ, ಸಾಲಿಗ್ರಾಮದವಳು. ಈ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ವಿಜೇತಾ ಒಂಬತ್ತು ವರ್ಷದ ಹಿಂದೆ ಕೋಡಿಯಿಂದ ಕೆಲಸ ಕಲಿಯಲು ಬಂದವಳು, ಮೂರೇ ವರ್ಷದಲ್ಲಿ ನನ್ನನ್ನು ಮೀರಿಸಿದಳು. ಮೊದಲು ಹೊಟ್ಟೆಕಿಚ್ಚು ಪಟ್ಟೆ. ಆಮೇಲೆ ಕಷ್ಟದ ಸೆಟ್ಟುಗಳನ್ನೆಲ್ಲ ಅವಳ ಮೇಜಿಗೆ ತಳ್ಳಿ ನೆಮ್ಮದಿಯಾಗಿದ್ದೆ.

ಅವಳ ತಮ್ಮ ರತೀಶ. ಕೋಡಿಯಲ್ಲಿ ಅವನದೊಂದು ಸಣ್ಣ ಗ್ಯಾರೇಜು ಇತ್ತು. ಅವನಿಗೊಂದು ನೀಲಿ ಬೈಕಿತ್ತು, ಹಳೆಯದು, ಸೆಕೆಂಡ್ ಹ್ಯಾಂಡು. ಊರವರ ಬೈಕುಗಳಿಗೆ ಇವತ್ತು ನಾಳೆ ಎಂದು ಹೇಳುವವನು ತನ್ನದನ್ನು ಮಾತ್ರ ದಿನಕ್ಕೆ ಎರಡು ಸಲ ಒರೆಸುತ್ತಿದ್ದ. ಆಚೆ ವರ್ಷ ಆಯುಧ ಪೂಜೆಯ ಮರುದಿನ ಬೆಳಿಗ್ಗೆ ಯಾರದೋ ಬೈಕ್ ಸ್ಟಾರ್ಟ್ ಆಗುತ್ತಿಲ್ಲ ಎಂದು ಕಿರಿಮಂಜೇಶ್ವರಕ್ಕೆ ಹೊರಟ. ಊರು ಮುಟ್ಟಲು ಅರ್ಧ ಕಿಲೋಮೀಟರ್ ಇರುವಾಗ ಬಿದ್ದ. ಹೆಲ್ಮೆಟ್ ಇತ್ತು, ಆದರೂ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು. ನಾಯಿ ಅಡ್ಡ ಬಂದಿರಬೇಕು ಎಂದರು ಊರವರು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ರತೀಶ ಕಣ್ಣು ಬಿಡುತ್ತಿದ್ದ, ಬಾಯಿಗಿಟ್ಟ ಗಂಜಿ ನುಂಗುತ್ತಿದ್ದ. ಅಷ್ಟೇ. ಮಾತಿಲ್ಲ. ಎದುರಿಗೆ ಯಾರೇ ನಿಂತರೂ ಆ ಕಣ್ಣು ಅವರ ಮೇಲೆ ಹಾದು ಗೋಡೆಗೆ ಹೋಗುತ್ತಿತ್ತು. ಅಕ್ಕನೂ ಒಂದೇ, ಹೆತ್ತ ಅಬ್ಬಿಯೂ ಒಂದೇ, ಕ್ಯಾಲೆಂಡರೂ ಒಂದೇ.

ಬ್ರಹ್ಮಾವರದಿಂದ ಸುಜಯ್ ಎಂಬ ಫಿಸಿಯೋಥೆರಪಿಯ ಹುಡುಗ ವಾರಕ್ಕೆರಡು ಸಲ ಬಂದು ಕೈಕಾಲು ಆಡಿಸುತ್ತಿದ್ದ. ಫೆಬ್ರವರಿಯಲ್ಲಿ ಅವನು ವಿಜೇತಾಳನ್ನು ಅಂಗಳಕ್ಕೆ ಕರೆದು ಹೇಳಿದನಂತೆ: "ಅಕ್ಕ, ಸತ್ಯ ಹೇಳ್ತೆ. ಮಾತ್, ನೆಂಪ್, ಬಪ್ಪುದೆಲ್ಲ ಮೊದಲ್ನೇ ವರ್ಷದೊಳ್ಗೇ ಬಪ್ಪುದ್. ಮತ್ತೆ ಕಷ್ಟ ಇತ್ತ್. ಅವ್ನಿಗೆ ಜೀವ ಅಂಬಂಥದ್ ಎಂತಾರೂ ಇದ್ರೆ ಕೈಯಗ್ ಕೊಟ್ ಕಾಣಿ."

ಜೀವ ಅಂದರೆ ಆ ನೀಲಿ ಬೈಕು. ಅದೆಲ್ಲಿದೆ? ಅವನು ಆಸ್ಪತ್ರೆಯಲ್ಲಿದ್ದಾಗಲೇ ತಾಯಿ ಕುಸುಮ ಅದನ್ನು ಗುಜರಿಗೆ ಕಳಿಸಿಬಿಟ್ಟಿದ್ದರು. ಅಂಗಳದಲ್ಲಿ ಅದು ಕಂಡರೆ ತನಗೆ ಅನ್ನ ಇಳಿಯುವುದಿಲ್ಲ ಎಂದಿದ್ದರು. ನೆರೆಯವರ ಬೈಕನ್ನು ಕಿಟಕಿಯ ಹೊರಗೆ ನಿಲ್ಲಿಸಿ ಎಕ್ಸಿಲರೇಟರ್ ಕೊಟ್ಟು ನೋಡಿದರು. ರತೀಶ ಮುಖ ಸಿಂಡರಿಸಿದ, ಬೇರೇನೂ ಆಗಲಿಲ್ಲ. ಆಗ ವಿಜೇತಾಳಿಗೆ ಕಪಾಟಿನ ಮೇಲಿದ್ದ ಪೆಟ್ಟಿಗೆ ನೆನಪಾಯಿತು.

ಅದು ರತೀಶನೇ ಎರಡು ವರ್ಷದ ಹಿಂದೆ ತರಿಸಿದ ಜಪಾನಿನ ಮಾಡೆಲ್ ಕಿಟ್ಟು. ನಿಜವಾದ ಬೈಕಿನ ಆರರಲ್ಲಿ ಒಂದು ಪಾಲು, ಕಟ್ಟಿ ಮುಗಿದರೆ ಒಂದೂವರೆ ಗೇಣು ಉದ್ದ. ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವಾಗ ಕಟ್ಟುತ್ತೇನೆ ಎನ್ನುತ್ತಾ ಮುಚ್ಚಳವನ್ನೂ ತೆಗೆದಿರಲಿಲ್ಲ. ವಿಜೇತಾ ಅದನ್ನು ಲ್ಯಾಬಿಗೆ ತಂದು ನನ್ನ ಮೇಜಿನ ಮೇಲೆ ಸುರಿದಳು. ಮುನ್ನೂರಕ್ಕೂ ಹೆಚ್ಚು ಪ್ಲಾಸ್ಟಿಕ್ ತುಂಡು, ಅಕ್ಕಿಯ ನುಚ್ಚಿನಷ್ಟು ಸ್ಕ್ರೂ.

"ಎಂತ ಹೆಣ್ಣೇ ಇದ್? ಯಾರ ಬಾಯಿಗೆ?" ಎಂದೆ.

"ಅಕ್ಕ, ನಂಗಿದ್ ಮಾಡ್ಕ್. ಐದ್ ಗಂಟೆ ಮೇಲೆ ಇಲ್ಲೇ ಕೂತ್ ಮಾಡ್ತೆ. ಬ್ಯಾಡ ಹೇಳ್ಬೇಡಿ."

ಬೇಡ ಎನ್ನಲು ನನಗೇನು ಹುಚ್ಚೇ. ಆದರೆ ಇದರಿಂದ ಏನಾದರೂ ಆದೀತು ಎಂದು ಒಂದು ದಿನವೂ ನಂಬಲಿಲ್ಲ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಪೆಟ್ಟಿಗೆಯ ಚಿತ್ರದಲ್ಲಿದ್ದದ್ದು ನಾಲ್ಕು ಸೈಲೆನ್ಸರಿನ ದೊಡ್ಡ ಪರದೇಶಿ ಬೈಕು. ಅವಳಿಗೆ ಬೇಕಾದದ್ದು ತಮ್ಮನದು. ಫೋನಿನಲ್ಲಿದ್ದ ಹನ್ನೊಂದು ಫೋಟೋ ಇಟ್ಟುಕೊಂಡು ಕತ್ತರಿಸಲು ಕುಳಿತಳು. ಮೂರು ಸೈಲೆನ್ಸರ್ ಹೋದವು. ಸೀಟು, ಮಡ್‌ಗಾರ್ಡು, ಹೆಡ್‌ಲೈಟಿನ ಮುಚ್ಚಳ ಎಲ್ಲವನ್ನೂ ವಸಡು ಮಾಡುವ ಅಕ್ರಿಲಿಕ್ಕಿನಲ್ಲಿ ಹೊಸದಾಗಿ ಎರಕ ಹೊಯ್ದಳು. ಚಕ್ರದ ಕಡ್ಡಿಗಳನ್ನು ಹಲ್ಲಿಗೆ ಕ್ಲಿಪ್ಪು ಹಾಕುವ ತಂತಿಯಿಂದ ಒಂದೊಂದಾಗಿ ಬಾಗಿಸಿದಳು. ಚೈನಿಗೆ ನೂರರ ಮೇಲೆ ಕೊಂಡಿ, ಪ್ರತಿಯೊಂದಕ್ಕೂ ಕೂದಲೆಳೆಯಂಥ ಪಿನ್ನು. ಏಪ್ರಿಲ್ ತಿಂಗಳು ಪೂರ್ತಿ ಚೈನಿಗೇ ಹೋಯಿತು. ಹಲ್ಲಿನ ಬಣ್ಣ ಹೋಲಿಸುವ ಪಟ್ಟಿ ನಮ್ಮಲ್ಲಿರುತ್ತದೆ. ಅದನ್ನು ಫೋಟೋದ ಪಕ್ಕ ಹಿಡಿದು ಹೆಡ್‌ಲೈಟಿನ ಗಾಜು ಎಷ್ಟು ಹಳದಿ ತಿರುಗಿತ್ತು ಎಂದು ನೋಡಿದಳು. ಬೀಡಾ ತಿನ್ನುವವರ ಹಲ್ಲಿಗೆ ಬಳಿಯುವ ಕಂದು ಬಣ್ಣದಿಂದ ಸೈಲೆನ್ಸರಿಗೆ ತುಕ್ಕು ಹಿಡಿಸಿದಳು. ಕೋಡಿಯ ಉಪ್ಪುಗಾಳಿಗೆ ತುಕ್ಕು ಹಿಡಿಯದ ಸೈಲೆನ್ಸರ್ ಎಲ್ಲಿದೆ ಹೇಳಿ. ಹೊಸ ಟಯರನ್ನು ಉಜ್ಜಿ ಸವೆಸಿದಳು, ಸೀಟಿನ ಬಲಬದಿಯ ತೇಪೆ ಬರೆದಳು, ಟ್ಯಾಂಕಿನ ಗೀರು ಎಷ್ಟುದ್ದ ಇತ್ತೆಂದು ಮೂರು ದಿನ ಯೋಚಿಸಿದಳು.

ಜುಲೈಯಲ್ಲಿ ಟ್ಯಾಂಕಿಗೆ ನೀಲಿ ಬಣ್ಣ ಸಿಂಪಡಿಸಿದಾಗ ಅದು ಹತ್ತು ನಿಮಿಷದಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಕರಾವಳಿಯ ಮಳೆಗಾಲದ ಹಸಿ ಗಾಳಿಗೆ ಆ ಬಣ್ಣ ಹಾಗೆಯೇ ಬಿಳಿಚಿಕೊಳ್ಳುತ್ತದೆ. ಉಜ್ಜಿ ತೆಗೆದು ಮತ್ತೆ ಹೊಡೆದಳು, ಮತ್ತೆ ಬಿಳಿ. ಮೂರನೆಯ ಸಲ ಟ್ಯಾಂಕನ್ನು ಗೋಡೆಗೆ ಬೀಸಿ ಒಗೆದು ನೆಲದ ಮೇಲೆ ಕುಳಿತುಬಿಟ್ಟಳು.

"ಮಳೆ ಬಿಡ್ಲಿ ಮಾರಾಯ್ತಿ. ಅಷ್ಟ್ ಎಂತ ಅರ್ಜೆಂಟ್?" ಎಂದೆ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು.

"ಮಳೆ ಬಿಡುದ್ರೊಳ್ಗೆ ವರ್ಷ ಮುಗಿತ್ತಕ್ಕ!" ಎಂದು ಕಿರುಚಿದಳು. ಅವಳ ಗಂಟಲು ಅಷ್ಟು ದೊಡ್ಡದಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಆಮೇಲೆ ದನಿ ಇಳಿಸಿ, ನೆಲ ನೋಡುತ್ತಾ, ಯಾರಿಗೂ ಹೇಳದ್ದನ್ನು ನನಗೆ ಹೇಳಿದಳು.

ಆಯುಧ ಪೂಜೆಯ ದಿನ ಬೈಕಿನ ಹಾರ ಕಟ್ಟಿದವಳು ಅವಳೇ. ಗೊಂಡೆ ಹೂವು ರಾಶಿ ಇತ್ತು, ಬಾಳೆನಾರು ಮುಗಿದಿತ್ತು. ಮೀನುಗಾರರ ಮನೆಯಲ್ಲಿ ನೂಲಿಗೆ ಬರವೇ? ಜಗಲಿಯಲ್ಲಿದ್ದ ಬಲೆಯ ನೈಲಾನ್ ನೂಲು ಕಿತ್ತು ಹೂ ಪೋಣಿಸಿ ಹ್ಯಾಂಡಲಿಗೆ ಗಟ್ಟಿಯಾಗಿ ಬಿಗಿದಳು, ದಾರಿಯಲ್ಲಿ ಬಿದ್ದುಹೋಗಬಾರದೆಂದು. ಪೂಜೆಯ ಹಾರವನ್ನು ನಾವ್ಯಾರೂ ಬಿಚ್ಚುವುದಿಲ್ಲ, ಅದು ಒಣಗಿ ತಾನೇ ಉದುರಬೇಕು. ಆಸ್ಪತ್ರೆಯಿಂದ ಬಟ್ಟೆ ತರಲು ಬಂದವಳು ಊರವರು ತಂದು ಅಂಗಳದಲ್ಲಿ ಹಾಕಿದ್ದ ಬೈಕು ನೋಡಿದಳು. ಮುಂದಿನ ಚಕ್ರದ ನಡುವಿನ ಗುಂಬದ ಸುತ್ತ ಆ ನೂಲು ನೂರು ಸುತ್ತು ಸುತ್ತಿಕೊಂಡಿತ್ತು, ಮಧ್ಯೆ ಜಜ್ಜಿದ ಗೊಂಡೆ. ನಾಯಿಯೂ ಇಲ್ಲ, ನರಿಯೂ ಇಲ್ಲ. ಬಾಳೆನಾರಾಗಿದ್ದರೆ ಒಂದೇ ಸುತ್ತಿಗೆ ಕಡಿದು ಹೋಗುತ್ತಿತ್ತು. ಯಾರೂ ಗಮನಿಸುವ ಮೊದಲು ಬ್ಯಾಗಿನಲ್ಲಿದ್ದ, ಲ್ಯಾಬಿನಲ್ಲಿ ಮೇಣ ಕೆತ್ತುವ ಚಾಕುವಿನಿಂದ ಅದನ್ನು ಕತ್ತರಿಸಿ ಹೊಳೆಗೆ ಎಸೆದಳು.

"ಅವ್ನಿಗೆ ನೆಂಪ್ ಬಂದ್ರೆ ಅದೂ ನೆಂಪ್ ಬತ್ತ್ ಅಕ್ಕ. ಬರ್ಲಿ. ಬೈಲಿ, ಹೊಡಿಲಿ, ಉಗಿಲಿ. ನನ್ನ್ ಕಂಡ್ ಉಗ್ದ್ರೂ ಸಾಕ್."

ಮೂಲೆಗೆ ಬಿದ್ದಿದ್ದ ಟ್ಯಾಂಕನ್ನು ಹೆಕ್ಕಿ ತಂದೆ. ರಟ್ಟಿನ ಡಬ್ಬಿಯೊಳಗೆ ನೂರು ವ್ಯಾಟಿನ ಬಲ್ಬು ಉರಿಸಿ ಒಳಗಿನ ಗಾಳಿ ಒಣಗಿಸಿ, ಅದರಲ್ಲೇ ಬಣ್ಣ ಹೊಡೆಯೋಣ ಎಂದೆ. ನಾಲ್ಕನೆಯ ಸಲ ನೀಲಿ ನಿಂತಿತು.

ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಮೇಜಿನ ಮೇಲೆ ಇಟ್ಟಾಗ ನಾನು ಬಗ್ಗಿ ಒಂದೊಂದನ್ನೂ ಮುಟ್ಟಿ ನೋಡಿದೆ. ಬ್ರೇಕ್ ಒತ್ತಿದರೆ ಅದರ ತಂತಿ ಎಳೆಯುತ್ತದೆ, ಚಕ್ರ ತಿರುಗಿಸಿದರೆ ಚೈನು ಓಡುತ್ತದೆ. ಕನ್ನಡಿಯ ಕಾಂಡಕ್ಕೆ ಸುತ್ತಿದ ಕೆಂಪು ದಾರವನ್ನೂ ಬಿಟ್ಟಿರಲಿಲ್ಲ.

"ಎಲ್ಲ ಹಾಕಿದ್ದೆ ನೀನ್. ಹಾರ ಒಂದ್ ಬಿಟ್ಟಿದ್ದೆ," ಎಂದೆ ನಾನು.

ಅವಳು ಬೈಕನ್ನು ಹತ್ತಿಯಲ್ಲಿ ಸುತ್ತಿದಳು.

ಭಾನುವಾರ ನಾನೂ ಕೋಡಿಗೆ ಹೋದೆ. ಆಯುಧ ಪೂಜೆಗೆ ಮೂರೇ ದಿನ ಇತ್ತು. ಹೊಳೆಯ ಕಡೆಯ ಕಿಟಕಿಯ ಬಳಿ ರತೀಶನನ್ನು ಒರಗಿಸಿ ಕೂರಿಸಿದ್ದರು. ಇಪ್ಪತ್ತೆಂಟರ ಹುಡುಗನ ಭುಜ ಕೋಳಿಮರಿಯದಷ್ಟಾಗಿತ್ತು. ಸುಜಯ್ ಅವನ ಮಡಿಲಿಗೆ ಹಲಗೆ ಇಟ್ಟ, ವಿಜೇತಾ ಅದರ ಮೇಲೆ ಬೈಕು ಇಟ್ಟಳು. ಕುಸುಮ ಬಾಗಿಲ ಚೌಕಟ್ಟು ಹಿಡಿದು ನಿಂತರು.

ರತೀಶನ ಕಣ್ಣು ಬೈಕಿನ ಮೇಲೆ ಹಾದುಹೋಯಿತು. ಗೋಡೆಗೆ ಹೋಯಿತು. ವಿಜೇತಾ ಅವನ ಕೈ ಹಿಡಿದು ಹ್ಯಾಂಡಲಿನ ಮೇಲೆ ಇಟ್ಟಳು, ಟ್ಯಾಂಕಿನ ಗೀರಿನ ಮೇಲೆ ಅವನ ಬೆರಳು ಎಳೆದಳು, ಚಕ್ರ ತಿರುಗಿಸಿದಳು. "ಕಾಣ್ ಮಗಾ, ನಿನ್ ಗಾಡಿ. ಕಾಣ್." ಕೈ ಬಿಟ್ಟರೆ ಕೈ ಜಾರಿ ಬೀಳುತ್ತಿತ್ತು. ಅರ್ಧ ಗಂಟೆ ಹೀಗೇ. ಸುಜಯ್ ಮೆಲ್ಲಗೆ, "ಇನ್ನೊಂದ್ ದಿನ ಕಾಂಬ ಅಕ್ಕ," ಎಂದ. ಇನ್ನೊಂದು ದಿನ ಎಂಬುದು ಇಲ್ಲ ಎಂದು ಹೇಳಿದವನೂ ಅವನೇ. ನನಗೆ ಅವನ ಮೇಲೆ, ದೇವರ ಮೇಲೆ, ಆ ಗೋಡೆಯ ಮೇಲೆ ಕೆಂಡದಂಥ ಕೋಪ ಬಂತು.

ವಿಜೇತಾ ಎದ್ದು ಹೋದಳು. ಬರುವಾಗ ಕೈಯಲ್ಲಿ ಬಲೆಯ ನೂಲು, ಅಂಗಳದ ಗೊಂಡೆಯ ನಾಲ್ಕು ಎಸಳು. ಸೂಜಿಯಲ್ಲಿ ಪೋಣಿಸಿ ಬೆರಳುದ್ದದ ಹಾರ ಮಾಡಿದಳು. ಹಾರವನ್ನು ಹ್ಯಾಂಡಲಿಗೆ ಬಿಗಿದು ತಾಯಿಯ ಕಡೆ ತಿರುಗಿದಳು.

"ಅಬ್ಬಿ, ನಾಯಿ ಅಲ್ಲ. ನಾನ್ ಕಟ್ಟಿದ್ ಹಾರ ಚಕ್ರಕ್ಕೆ ಸಿಕ್ಕದ್ದ್. ಬಲೆ ನೂಲಗ್ ಕಟ್ಟಿದ್ದೆ. ನಾನೇ ಅವ್ನ್ ಹೀಂಗ್ ಮಾಡದ್ದ್."

ಕುಸುಮ ಅಳುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಅವರು ಚೌಕಟ್ಟು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತರು.

"ಹೊರ್ಡುವತಿಗೆ ಅಂವ ಅದ್ನ್ ಕೊಯ್ದ್ ತೆಗುಕ್ ಕತ್ತಿ ಹಿಡ್ದಿದ," ಎಂದರು. "ಪೂಜಿ ಹಾರ ತೆಗುಕಾಗ ಅಂದೆ. ಕೈಯಿಂದ್ ಕತ್ತಿ ಕಸ್ಕಂಡೆ. ನಾನ್, ನಾನ್ ಕಸ್ಕಂಡದ್ದ್."

ಒಂದು ವರ್ಷ. ಒಂದೇ ಸೂರಿನ ಕೆಳಗೆ, ಒಂದೇ ಪಾತ್ರೆಯ ಗಂಜಿಯನ್ನು ಸರದಿಯಲ್ಲಿ ಅವನಿಗೆ ತಿನ್ನಿಸುತ್ತಾ, ಇಬ್ಬರೂ ಒಬ್ಬರಿಂದೊಬ್ಬರು ಇದನ್ನು ಬಚ್ಚಿಟ್ಟಿದ್ದರು. ಕುಸುಮ ಗಾಡಿಯನ್ನು ಗುಜರಿಗೆ ಕಳಿಸಿದ್ದು ಹಾರವೇ ಇರಬೇಕೆಂಬ ಸಂಶಯದಿಂದ ಎಂದು ನನಗೆ ಆಗ ತಿಳಿಯಿತು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡುತ್ತಿದ್ದರು, ಸುಜಯ್ ಅವರಿಬ್ಬರನ್ನು ನೋಡುತ್ತಿದ್ದ. ರತೀಶನನ್ನು ನೋಡುತ್ತಿದ್ದವಳು ನಾನೊಬ್ಬಳೇ.

ಅವನ ತೋರುಬೆರಳು ಹಾರದೊಳಗೆ ಹೊಕ್ಕಿತ್ತು.

"ಹ್ವಾಯ್, ಕಾಣಿ ಇಲ್ಲಿ!" ಎಂದು ಕೂಗಿದೆ.

ಅವನು ಎಳೆಯುತ್ತಿದ್ದ. ಕಣ್ಣು ಗೋಡೆಯ ಮೇಲಿರಲಿಲ್ಲ, ಹಾರದ ಮೇಲಿತ್ತು. ನೂಲು ಬೆರಳಿಗೆ ಕೊರೆದು ಕೆಂಪು ಗೆರೆ ಬಿತ್ತು. ಬಲೆಯ ನೂಲು, ಅದು ಕಡಿಯುತ್ತದೆಯೇ? ಕಡಿಯಲಿಲ್ಲ. ಪಟ್ಟನೆ ಹ್ಯಾಂಡಲೇ ಮುರಿಯಿತು, ಎಂಟು ತಿಂಗಳ ಕೆಲಸ. ಮುರಿದ ಹ್ಯಾಂಡಲನ್ನು ಹಾರದ ಸಮೇತ ಅವನು ಒಂದು ಗೇಣು ಎತ್ತರಕ್ಕೆ ಎತ್ತಿ, ಯಾರಾದರೂ ತೆಗೆದುಕೊಳ್ಳಲಿ ಎಂಬಂತೆ ಹಿಡಿದ. ವಿಜೇತಾ ಅಂಗೈ ಒಡ್ಡಿದಳು. ಅವನು ಬಿಟ್ಟ. ಕಣ್ಣು ಮತ್ತೆ ಗೋಡೆಗೆ ಹೋಯಿತು.

ಕೈಯ ರಿಫ್ಲೆಕ್ಸ್ ಇರಬಹುದು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಸುಜಯ್ ಹೋಗುವಾಗ ನನ್ನ ಬಳಿ ಹೇಳಿದ. ನಾನು ಅವನಿಗೆ ಬೈದೆ. ಅವನು ಹೇಳಿದ್ದು ನಿಜವಿರಬಹುದೆಂಬ ಹೆದರಿಕೆಗೇ ಬೈದದ್ದು.

ಸುಜಯ್ ಹೇಳಿದ ಆ ವರ್ಷ ಮುಗಿಯಿತು, ಇನ್ನೂ ನಾಲ್ಕು ತಿಂಗಳು ಕಳೆಯಿತು. ರತೀಶನಿಗೆ ಮಾತು ಬಂದಿಲ್ಲ. ಅಕ್ಕ ಎಂದಿಲ್ಲ, ಅಬ್ಬಿ ಎಂದಿಲ್ಲ. ವಿಜೇತಾ ಹ್ಯಾಂಡಲನ್ನು ಅಂಟಿಸಿದ್ದಾಳೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಒಂದು ಪುಟ್ಟ ಹಾರ ಪೋಣಿಸಿ ಅದಕ್ಕೆ ಕಟ್ಟುತ್ತಾಳೆ. ಬಾಳೆನಾರು ಸುಲಿದು, ನೀರಿನಲ್ಲಿ ನೆನೆಸಿ ಕೊಡುವುದು ಕುಸುಮ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಯಾರಾದರೂ ನನ್ನ ಎದುರು ಅಂದರೆ ಹಲ್ಲು ಉದುರಿಸಿ ನಾನೇ ಹೊಸ ಸೆಟ್ಟು ಮಾಡಿ ಕೊಟ್ಟೇನು. ಕಳೆದ ವಾರ ಹೋದಾಗ ನಾನೂ ಪಕ್ಕದಲ್ಲಿ ಕುಳಿತು ನೋಡಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಬೆರಳು ಮೇಲೆ ಬಂತು, ಹಾರದೊಳಗೆ ಹೊಕ್ಕಿತು, ಎಳೆಯಿತು. ಬಾಳೆನಾರು ಕಡಿದು ಹೂವು ಹಲಗೆಯ ಮೇಲೆ ಬಿತ್ತು, ಬೈಕು ನಿಂತಲ್ಲೇ ನಿಂತಿತ್ತು.